ಅಗೋ ನೋಡು, ಹಕ್ಕಿ!

ನನ್ನ ಎಡತೊಡೆಯ ಮೇಲೆ ಒಂದಿಂಚು ಉದ್ದದ ಕಲೆ ಇದೆ. ಆರನೇ ವಯಸ್ಸಿನದು. ಬೇಸಿಗೆ ರಜೆಯಲ್ಲಿ ಕುರು ಎದ್ದು, ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದು, ಅವ್ವ ಹಚ್ಚಿದ ಯಾವ ಔಷಧಿಗೂ ಬಗ್ಗದೆ, ಕೊನೆಗೆ ಕೊಯ್ಯಿಸಲೇಬೇಕು ಅಂತಾಯಿತು. ನ್ಯಾಮತಿಯಿಂದ ಬಸ್ಸು ಹತ್ತಿಸಿಕೊಂಡು ಹೋದರು. ಯಾವ ಊರು, ಯಾವ ಆಸ್ಪತ್ರೆ ಅನ್ನೋದು ಈಗ ಬೇಡ. ಎಂಬತ್ತರ ದಶಕದಲ್ಲಿ ಬಹಳಷ್ಟು ಕಡೆ ಹಾಗೇ ನಡೀತಿತ್ತು.

"ಏನೂ ಮಾಡಲ್ಲ ಕಣಪ್ಪಾ, ಡಾಕ್ಟ್ರು ಬರೀ ನೋಡ್ತಾರಂತೆ" ಅಂದಿದ್ದು ಅಪ್ಪ. ಅವ್ವನ್ನ ಹೊರಗೆ ಕಳಿಸಿದರು. ಚಿಗಪ್ಪ ಕಾಲು ಹಿಡಿದ, ಕಾಂಪೌಂಡರ್ ಭುಜ ಒತ್ತಿದ, ಇನ್ಯಾರೋ ತಲೆ ಹಿಡಿದರು. ಕೊಯ್ದ ನೋವು ಈಗ ಅಷ್ಟಾಗಿ ನೆನಪಿಲ್ಲ. ನೆನಪಿರೋದು ಮೇಲೆ ತಿರುಗುತ್ತಿದ್ದ ಫ್ಯಾನು, ಸ್ಪಿರಿಟ್ಟಿನ ವಾಸನೆ, ಮತ್ತೆ "ಬರೀ ನೋಡ್ತಾರಂತೆ" ಅನ್ನೋ ಆ ಮಾತು. ಇವತ್ತಿಗೂ ಆಸ್ಪತ್ರೆ ಬಾಗಿಲು ದಾಟುವಾಗ ನನ್ನ ಅಂಗೈ ಬೆವರುತ್ತೆ. ಯಾರಿಗೂ ಹೇಳಿರಲಿಲ್ಲ, ಬ್ಲಾಗಿನಲ್ಲಿ ಬರೀತಾ ಇದೀನಿ ನೋಡಿ :)

ಇದೆಲ್ಲ ನೆನಪಾಗಿದ್ದಕ್ಕೆ ಕಾರಣ ನನ್ನ ತಂಗಿಯ ಮಗ. ತಂಗಿಯನ್ನ ಕೊಟ್ಟಿರೋದು ಜಗಳೂರಿಗೆ. ಅವಳ ನಾಲ್ಕು ವರ್ಷದ ಮಗನಿಗೆ ಹರ್ನಿಯಾ ಇತ್ತು, ದಾವಣಗೆರೆಯಲ್ಲಿ ಆಪರೇಷನ್. ಸೋದರಮಾವ ಅಂತ ನಾನೂ ಹೋಗಿದ್ದೆ. ಹುಡುಗ ಆಸ್ಪತ್ರೆಯ ಹಸಿರು ಅಂಗಿ ಕಂಡಿದ್ದೇ ತಡ, ತಂಗಿಯ ಸೀರೆ ಸೆರಗಿಗೆ ಸುತ್ತಿಕೊಂಡು ಬಿಟ್ಟ. ಅರಿವಳಿಕೆ ಡಾಕ್ಟ್ರು ಬಂದರು, ಸಣ್ಣ ಬಟ್ಟಲಲ್ಲಿ ಸಿಹಿ ಸಿರಪ್ ಥರದ್ದೇನೋ ತಂದರು. ಅವನನ್ನ ಎತ್ತಿಕೊಳ್ಳಲಿಲ್ಲ, ಎಳೆಯಲಿಲ್ಲ. ತಂಗಿಯ ತೊಡೆ ಮೇಲೇ ಕೂರಿಸಿ ಕುಡಿಸಿದರು. ಇಪ್ಪತ್ತು ನಿಮಿಷ ಆಗಿರಬಹುದು. ಹುಡುಗ ನನ್ನ ಮುಖ ನೋಡಿ ಕಿಸಕ್ಕಂತ ನಕ್ಕ. "ಮಾಮಾ, ನಿಂಗೆ ಎರಡು ಮೂಗು!" ಅಂದ. ಆಮೇಲೆ ನರ್ಸಮ್ಮನ ಹೆಗಲಿಗೆ ತಾನಾಗೇ ಹೋದ, ಹಿಂದೆ ತಿರುಗಿಯೂ ನೋಡಲಿಲ್ಲ. ಅತ್ತಿದ್ದು ತಂಗಿ.

ಸಂಜೆ ಎಚ್ಚರಾದ ಮೇಲೆ ಅವನು ಕೇಳಿದ ಪ್ರಶ್ನೆ: "ಆಪರೇಷನ್ನು ಯಾವಾಗ ಮಾಡ್ತಾರೆ?"

ನನ್ನ ಫ್ಯಾನಿಗೂ ಅವನ ಈ ಪ್ರಶ್ನೆಗೂ ನಡುವೆ ಏನೇನು ಆಯಿತು ಅಂತ ಕೆದಕಬೇಕು ಅನ್ನಿಸಿತು. ಕೆದಕಿದಷ್ಟೂ ಹಿಂದಕ್ಕೆ ಹೋಯಿತು, ಸುಶ್ರುತನವರೆಗೂ.

ಸುಶ್ರುತ ಸಂಹಿತೆ ಎರಡು ಸಾವಿರ ವರ್ಷಗಳ ಆಸುಪಾಸಿನ ಪುಸ್ತಕ. ಕಾಲದ ಬಗ್ಗೆ ವಿದ್ವಾಂಸರು ಜಗಳ ಆಡ್ತಾರೆ, ಅವರಿಗೇ ಬಿಡೋಣ. ಅದರ ಸೂತ್ರಸ್ಥಾನದಲ್ಲಿ ಮಗುವಿಗೆ ಕಿವಿ ಚುಚ್ಚುವ ಕ್ರಮ ಇದೆ. ಆರನೇ ಅಥವಾ ಏಳನೇ ತಿಂಗಳಲ್ಲಿ, ಒಳ್ಳೇ ದಿನ ನೋಡಿ, ಮಗುವನ್ನ ದಾದಿಯ ತೊಡೆ ಮೇಲೆ ಕೂರಿಸಬೇಕು, ಆಟಿಕೆ ತೋರಿಸಿ ಮನಸ್ಸು ಸೆಳೆಯಬೇಕು, ಸಮಾಧಾನ ಮಾಡುತ್ತಾ ಕಿವಿಯನ್ನ ಬಿಸಿಲಿಗೆ ಹಿಡಿದು ಬೆಳಕು ತೂರುವ ಜಾಗ ನೋಡಿ ಚುಚ್ಚಬೇಕು. ಓದಿದಾಗ ನನಗೆ ಚನ್ನಗಿರಿಯ ಅಜ್ಜಿ ಮನೆ ಪಡಸಾಲೆ ಕಣ್ಣಮುಂದೆ ಬಂತು. ಅಕ್ಕಸಾಲಿ ಬರ್ತಿದ್ದ, ಮಗು ಸೋದರಮಾವನ ತೊಡೆ ಮೇಲೆ, ಬಾಯಿಗೆ ಬೆಲ್ಲದ ಚೂರು, ಎದುರಿಗೆ ಯಾರಾದರೂ ಗಿಲಕಿ ಆಡಿಸೋರು. ದಾದಿಯ ಜಾಗಕ್ಕೆ ಸೋದರಮಾವ ಬಂದಿದ್ದು ಬಿಟ್ಟರೆ ಸುಶ್ರುತ ಹೇಳಿದ ಹಾಗೇ.

ಹೊನ್ನಾಳಿಯ ನನ್ನ ಗೆಳೆಯನಿಗೂ ಇಂಥದ್ದೇ ಒಂದು ನೆನಪಿದೆ. ಅವನ ಸುನ್ನತಿ ಮನೆಯಲ್ಲೇ ಆಗಿದ್ದು. ಹೊಸ ಬಟ್ಟೆ, ಕೊರಳಿಗೆ ಹೂವಿನ ಹಾರ, ಸಿಹಿ. ಸರಿಯಾದ ಗಳಿಗೆಯಲ್ಲಿ ಯಾರೋ "ಅಗೋ ಮೇಲೆ ನೋಡು, ಚಿನ್ನದ ಹಕ್ಕಿ!" ಅಂದರಂತೆ. ಇವನು ಮೇಲೆ ನೋಡಿದ. ಮುಗಿದೇ ಹೋಯಿತು. "ಹಕ್ಕಿ ಮಾತ್ರ ಇವತ್ತಿಗೂ ಕಾಣಲಿಲ್ಲ ಕಣೋ" ಅಂತಾನೆ. ನನ್ನ ಅಪ್ಪನೂ ಸುಳ್ಳು ಹೇಳಿದ್ದ, ಇವನಿಗೂ ಸುಳ್ಳು ಹೇಳಿದರು. ಆದರೆ ಇವನು ನಗ್ತಾನೆ, ನಾನು ಬೆವರ್ತೀನಿ. ಇವನು ತನ್ನ ಅಜ್ಜನ ತೊಡೆ ಮೇಲಿದ್ದ, ನಾನು ಮೇಜಿನ ಮೇಲಿದ್ದೆ. ಅದೇ ಕಾರಣವೋ ಏನೋ.

ಸುಶ್ರುತ ದೊಡ್ಡವರಿಗೆ ಬೇರೆ ಉಪಾಯ ಹೇಳ್ತಾನೆ. ಕೊಯ್ಯುವ ಮೊದಲು ರೋಗಿಗೆ ಊಟ ಹಾಕಬೇಕು, ಮದ್ಯ ಕುಡಿಯುವ ಅಭ್ಯಾಸ ಇರೋನಿಗೆ ತೀಕ್ಷ್ಣವಾದ ಮದ್ಯ ಕೊಡಬೇಕು. ಕೆಲವು ಚಿಕಿತ್ಸೆಗಳಿಗೆ ಮಾತ್ರ ಹೊಟ್ಟೆ ಖಾಲಿ ಇರಲಿ ಅಂತಾನೆ. ಇವತ್ತಿನ ಡಾಕ್ಟ್ರಿಗೆ ಊಟದ ಮಾತು ಕೇಳಿದರೆ ಎದೆ ಒಡೆದೀತು. ಯಾಕೆ ಅಂತ ಮುಂದೆ ಹೇಳ್ತೀನಿ.

ಮಕ್ಕಳಿಗೆ ಮದ್ದು ಕೊಟ್ಟು ಮಲಗಿಸೋದು ಆಪರೇಷನ್ನಿಗಿಂತ ಬಹಳ ಹಳೆಯ ವಿಷಯ. ನಮ್ಮಜ್ಜಿ ಜಾಯಿಕಾಯಿ ತೇಯ್ದು ಕೂಸಿಗೆ ನೆಕ್ಕಿಸ್ತಿದ್ದರು. ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಮಲಗದ ಕನ್ನಡಿಗ ಯಾರಿದಾನೆ ಹೇಳಿ! ಅದೇ ಗಿಡದ ಕಾಯಿಯ ಹಾಲು ಅಫೀಮು. ಹಸುಗೂಸುಗಳಿಗೆ ಅಫೀಮು ಕೊಡುವ ರೂಢಿ ಭಾರತದಲ್ಲಿ ಇತ್ತು ಅನ್ನೋದು 1893-95ರ ರಾಯಲ್ ಅಫೀಮು ಆಯೋಗದ ವರದಿಯಲ್ಲಿ ದಾಖಲಾಗಿದೆ. ಬೊಂಬಾಯಿಯ ಗಿರಣಿಗಳಿಗೆ ಹೋಗುವ ತಾಯಂದಿರು ಮಗುವಿಗೆ 'ಬಾಲಾ ಗೋಲಿ' ನುಂಗಿಸಿ ಮಲಗಿಸಿ ಕೆಲಸಕ್ಕೆ ಹೋಗ್ತಿದ್ದರು. ನಮ್ಮವರು ಮಾತ್ರ ಅಂದುಕೋಬೇಡಿ. ಇಂಗ್ಲೆಂಡಿನ ಗಾಡ್‌ಫ್ರೇ ಕಾರ್ಡಿಯಲ್ಲಿನಲ್ಲಿ ಅಫೀಮು ಇತ್ತು, ಅಮೆರಿಕದ ಮಿಸೆಸ್ ವಿನ್ಸ್ಲೋ ಸಿರಪ್ಪಿನಲ್ಲಿ ಮಾರ್ಫಿನ್ ಇತ್ತು. ಎಷ್ಟೋ ಮಕ್ಕಳು ಮಲಗಿದವು ಏಳಲೇ ಇಲ್ಲ. ಮಗುವನ್ನ ಶಾಂತ ಮಾಡುವ ಮದ್ದು, ಅದರ ಉಸಿರನ್ನೂ ಶಾಂತ ಮಾಡಬಹುದು. ಈ ಕತೆಯುದ್ದಕ್ಕೂ ಆ ಭಯ ಹಿಂದೆಯೇ ಬರುತ್ತೆ.

1846ರ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿ ಮಾರ್ಟನ್ ಈಥರ್ ತೋರಿಸಿದ. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮ್ ತಂದ. ಎರಡೂ ಕೆಲವೇ ತಿಂಗಳಲ್ಲಿ ಕಲ್ಕತ್ತೆಗೆ ಬಂದವು. ಆಗಿನ ಕಾಲದ ಹಡಗಿನ ವೇಗ ನೆನೆಸಿಕೊಂಡರೆ ಆಶ್ಚರ್ಯ ಆಗುತ್ತೆ. ಇನ್ನು ಹಿಡಿದುಕೊಳ್ಳೋ ಕೈಗಳಿಗೆ ಕೆಲಸ ಇಲ್ಲ ಅಂತ ಜಗತ್ತೇ ಅಂದುಕೊಂಡಿತು.

ಅಷ್ಟರಲ್ಲಿ ಹನ್ನಾ ಗ್ರೀನರ್.

ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ಹಳ್ಳಿಯ ಹುಡುಗಿ, ಹದಿನೈದು ವರ್ಷ. ಕಾಲಬೆರಳಿನ ಉಗುರು ತೆಗೀಬೇಕಿತ್ತು, ಅಷ್ಟೆ. ಕೆಲವು ತಿಂಗಳ ಹಿಂದೆ ಇನ್ನೊಂದು ಉಗುರನ್ನ ಈಥರ್ ಕೊಟ್ಟು ತೆಗೆದಿದ್ದರು, ಏನೂ ಆಗಿರಲಿಲ್ಲ. 1848ರ ಜನವರಿ 28ರಂದು ಕ್ಲೋರೋಫಾರ್ಮ್ ಕೊಟ್ಟರು. ಹುಡುಗಿ ಬಹಳ ಹೆದರಿದ್ದಳು, ಬಿಕ್ಕಿ ಬಿಕ್ಕಿ ಅಳುತ್ತಾ ಕುರ್ಚಿಯಲ್ಲಿ ಕೂತಿದ್ದಳು. ಎರಡು ಮೂರು ನಿಮಿಷದಲ್ಲಿ ಪ್ರಾಣ ಹೋಯಿತು. ಕ್ಲೋರೋಫಾರ್ಮಿನಿಂದ ಸತ್ತವರಲ್ಲಿ ದಾಖಲಾದ ಮೊದಲ ಹೆಸರು ಅವಳದು.

ಯಾಕೆ ಸತ್ತಳು? ಈ ಪ್ರಶ್ನೆ ನಮ್ಮ ಪಕ್ಕದ ಹೈದರಾಬಾದಿನವರೆಗೂ ಬಂತು. ಅಲ್ಲಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಗೆ ಕ್ಲೋರೋಫಾರ್ಮ್ ಅಂದರೆ ಪ್ರಾಣ. ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಎರಡು ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಕ್ಲೋರೋಫಾರ್ಮ್ ಹೃದಯವನ್ನ ನಿಲ್ಲಿಸಲ್ಲ, ಮೊದಲು ನಿಲ್ಲೋದು ಉಸಿರು, ಆದ್ದರಿಂದ ನಾಡಿ ಬಿಟ್ಟು ಉಸಿರು ನೋಡಿ ಅಂತ ತೀರ್ಪು ಕೊಟ್ಟರು. ಆಗಿನ ಹೈದರಾಬಾದಿನಲ್ಲೇ ಕಲಿತ ರೂಪಾಬಾಯಿ ಫರ್ದೂಂಜಿ, ಅರಿವಳಿಕೆಯನ್ನೇ ವೃತ್ತಿ ಮಾಡಿಕೊಂಡ ಜಗತ್ತಿನ ಮೊದಮೊದಲ ಮಹಿಳೆಯರಲ್ಲಿ ಒಬ್ಬರು. ಅವರ ಬಗ್ಗೆ ಬೇರೆಯೇ ಬರೀಬೇಕು.

ತೀರ್ಪು ಅರ್ಧ ತಪ್ಪಾಗಿತ್ತು. 1911ರಲ್ಲಿ ಗುಡ್‌ಮನ್ ಲೀವಿ ಅನ್ನೋ ಡಾಕ್ಟ್ರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು: ಕ್ಲೋರೋಫಾರ್ಮ್ ಸ್ವಲ್ಪವೇ ಏರಿರುವಾಗ ಮೈಯಲ್ಲಿ ಅಡ್ರಿನಲಿನ್ ಸೇರಿದರೆ ಹೃದಯ ತಾಳ ತಪ್ಪಿ ನಡುಗಿ ನಿಂತುಬಿಡುತ್ತೆ. ಅಡ್ರಿನಲಿನ್ ಅಂದರೆ ಭಯವಾದಾಗ ನಮ್ಮ ಮೈಯೇ ಸುರಿಸುವ ರಸ. ಹನ್ನಾ ಸತ್ತಿದ್ದು ಹೀಗೇ ಅಂತ ಖಚಿತವಾಗಿ ಹೇಳೋಕಾಗಲ್ಲ, ಬೇರೆ ಕಾರಣಗಳನ್ನೂ ಹೇಳ್ತಾರೆ. ಆದರೆ ಲೀವಿಯ ಬೆಕ್ಕುಗಳು ಒಂದು ಮಾತನ್ನ ಸಾಬೀತು ಮಾಡಿದವು. ಹೆದರಿದ ಜೀವಕ್ಕೆ ಅರಿವಳಿಕೆ ಕೊಡೋದು ಹೆದರದ ಜೀವಕ್ಕೆ ಕೊಡೋದಕ್ಕಿಂತ ಅಪಾಯ. ಅಲ್ಲಿಯವರೆಗೆ ಮಗುವನ್ನ ಸಮಾಧಾನ ಮಾಡೋದು ದಯೆಯ ವಿಷಯ ಆಗಿತ್ತು, ಆಮೇಲೆ ಲೆಕ್ಕಾಚಾರದ ವಿಷಯವೂ ಆಯಿತು.

ಆಮೇಲಿನ ದಶಕಗಳಲ್ಲಿ ಆಪರೇಷನ್ನಿಗೆ ಮುಂಚೆ ಮಾರ್ಫಿನ್, ಅಟ್ರೋಪಿನ್ ಸೂಜಿ ಚುಚ್ಚುವ ಪದ್ಧತಿ ಬಂತು. ಭಯ ಹೋಗಲಿ ಅಂತ ಮಗುವಿಗೆ ಸೂಜಿ! ಇದರಲ್ಲಿರೋ ತಮಾಷೆ ಹೆಚ್ಚಿನವರಿಗೆ ಕಾಣಲಿಲ್ಲ.

ಕಂಡಿದ್ದು ಮನಸ್ಸಿನ ಡಾಕ್ಟ್ರಿಗೆ. 1945ರಲ್ಲಿ ಅಮೆರಿಕದ ಡೇವಿಡ್ ಲೀವಿ (ಬೆಕ್ಕಿನ ಲೀವಿ ಬೇರೆ, ಇವರು ಬೇರೆ) ಆಪರೇಷನ್ ಆದ ಮಕ್ಕಳ ಬಗ್ಗೆ ಬರೆದರು. ರಾತ್ರಿ ಕಿರುಚಿಕೊಂಡು ಏಳೋದು, ಕತ್ತಲಿಗೆ ಹೆದರೋದು, ತಾಯಿಯನ್ನ ಬಿಟ್ಟಿರದೆ ಇರೋದು. ಯುದ್ಧದಿಂದ ಬಂದ ಸೈನಿಕರಲ್ಲಿ ಕಾಣುವುದಕ್ಕೆ ಇದನ್ನ ಹೋಲಿಸಿದರು. ತೀರಾ ಚಿಕ್ಕ ಮಕ್ಕಳಲ್ಲೇ ಇದು ಹೆಚ್ಚು. 1953ರಲ್ಲಿ ಎಕೆನ್‌ಹಾಫ್ ಅನ್ನೋ ಅರಿವಳಿಕೆ ತಜ್ಞರೂ ಇದೇ ಜಾಡು ಹಿಡಿದು, ಪ್ರಜ್ಞೆ ತಪ್ಪಿಸುವ ಹೊತ್ತಿನ ಗಲಾಟೆಗೂ ಆಮೇಲಿನ ತೊಂದರೆಗೂ ಸಂಬಂಧ ಇದೆ ಅಂದರು. ಅದಕ್ಕೆ ಹಿಂದಿನ ವರ್ಷ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎರಡು ವರ್ಷದ ಹುಡುಗಿಯೊಬ್ಬಳು ಅಪ್ಪ ಅಮ್ಮನ್ನ ಬಿಟ್ಟು ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನ ಸಿನಿಮಾ ಮಾಡಿದ್ದರು. ಅವಳಿಗೂ ಹರ್ನಿಯಾ ಆಪರೇಷನ್ನೇ. ಡಾಕ್ಟ್ರುಗಳು ಆ ಸಿನಿಮಾ ನೋಡಿ ಸಿಟ್ಟಾದರು, ಆಸ್ಪತ್ರೆಗೆ ಅವಮಾನ ಅಂದರು. ಆದರೆ 1959ರಲ್ಲಿ ಬ್ರಿಟನ್ನಿನ ಪ್ಲಾಟ್ ವರದಿ, ಮಕ್ಕಳ ಜೊತೆ ತಾಯಿ ಇರಲು ಬಿಡಿ ಅಂತ ಹೇಳಿತು. ನನ್ನ ಅವ್ವನ್ನ ಹೊರಗೆ ಕಳಿಸುವ ಹೊತ್ತಿಗೆ ಆ ವರದಿಗೆ ಇಪ್ಪತ್ತು ವರ್ಷ ದಾಟಿತ್ತು. ಬಹುಶಃ ಹಡಗಿನಲ್ಲಿ ಬರ್ತಿತ್ತು.

ಇನ್ನು ಔಷಧಿಗಳ ಕತೆ. ಅದು ಉದ್ದ, ನಾನು ಓಡಿಸ್ತೀನಿ. ಅಮೆರಿಕದಲ್ಲಿ 1962ರಲ್ಲಿ ಕೆಟಮಿನ್ ತಯಾರಾಯಿತು, 1970ರಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿತು. ಕಣ್ಣು ತೆರೆದೇ ಇರುತ್ತೆ, ಮನಸ್ಸು ಮಾತ್ರ ಎಲ್ಲೋ. ಉಸಿರನ್ನ ಅಷ್ಟಾಗಿ ಕೆಡಿಸದ್ದರಿಂದ ಸಣ್ಣ ಊರುಗಳ ಆಸ್ಪತ್ರೆಗಳಿಗೆ ಅದು ದೊಡ್ಡ ಆಸರೆ. ಅಮಲಿಗಾಗಿ ದುರ್ಬಳಕೆ ಹೆಚ್ಚಿದ್ದಕ್ಕೆ 2013ರಲ್ಲಿ ನಮ್ಮ ಸರ್ಕಾರ ಅದರ ಮಾರಾಟ ಬಿಗಿ ಮಾಡಿತು. ನನ್ನ ಸೋದರಳಿಯ ಕುಡಿದಿದ್ದು ಮಿಡಝೋಲಮ್. ಎಪ್ಪತ್ತರ ದಶಕದಲ್ಲಿ ರೋಷ್ ಕಂಪನಿಯವರು ಕಂಡುಹಿಡಿದಿದ್ದು. ಬಾಯಿಗೆ ಕಹಿ, ಅದಕ್ಕೆ ಸಿಹಿಯಲ್ಲಿ ಬೆರೆಸಿ ಕೊಡ್ತಾರೆ. ಮಕ್ಕಳ ಸಿರಪ್ ರೂಪದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ಝೀವ್ ಕೇನ್ ಮತ್ತು ಜೊತೆಯವರು, ಅಪ್ಪ ಅಮ್ಮ ಜೊತೆಗಿರೋದು ಹೆಚ್ಚೋ ಈ ಮದ್ದು ಹೆಚ್ಚೋ ಅಂತ ಹೋಲಿಸಿದರು. ಭಯ ಕಡಿಮೆ ಮಾಡುವುದರಲ್ಲಿ ಮದ್ದು ಗೆದ್ದಿತು. ಸ್ವಲ್ಪ ಬೇಜಾರಾಯಿತು ನನಗೆ. ಆದರೆ 2006ರಲ್ಲಿ ಇನ್ನೊಂದು ತಂಡ, ಕೈಯಲ್ಲಿ ಹಿಡಿಯುವ ವಿಡಿಯೋ ಗೇಮ್ ಕೊಟ್ಟರೆ ಮಕ್ಕಳ ಆತಂಕ ಚೆನ್ನಾಗೇ ಇಳಿಯುತ್ತೆ ಅಂತ ತೋರಿಸಿತು. ಸುಶ್ರುತನ ಆಟಿಕೆಗೆ ಬ್ಯಾಟರಿ ಹಾಕಿದಂತಾಯಿತು.

ಈ ಮಿಡಝೋಲಮ್ಮಿನ ವಿಚಿತ್ರ ಗುಣ ಅಂದರೆ ಮರೆವು. ಅದು ನೋವಿನ ಮದ್ದಲ್ಲ. ಭಯ ತಗ್ಗಿಸುತ್ತೆ, ಕುಡಿದ ಮೇಲೆ ನಡೆದದ್ದು ನೆನಪಿನಲ್ಲಿ ಕೂರದ ಹಾಗೆ ಮಾಡುತ್ತೆ. ನೋವಿಗೆ ಬೇರೆ ಮದ್ದು ಕೊಡಲೇಬೇಕು. ಕೊಡದೆ ಬರೀ ಇದನ್ನೇ ಕೊಟ್ಟು ಕೊಯ್ದರೆ ಮಗುವಿಗೆ ನೋವಂತೂ ಆಗುತ್ತೆ, ನಾಳೆ ದೂರು ಹೇಳೋಕೆ ನೆನಪಿರಲ್ಲ ಅಷ್ಟೆ. ಇದು ನನ್ನನ್ನ ಬಹಳ ಹೊತ್ತು ಕಾಡಿತು. ಅಪ್ಪನ ಸುಳ್ಳಿಗಿಂತ ಇದು ಹೇಗೆ ಬೇರೆ? ದಾವಣಗೆರೆಯ ಡಾಕ್ಟ್ರನ್ನ ಕೇಳಿಯೇಬಿಟ್ಟೆ. "ನಾವು ಎರಡೂ ಕೊಡ್ತೀವಿ ಸಾರ್. ಮರೆವು ಲಾಭ, ಅದೇ ಚಿಕಿತ್ಸೆ ಅಲ್ಲ" ಅಂದರು. ಕೆಲವು ಮಕ್ಕಳಿಗೆ ಈ ಮದ್ದು ತಿರುಗುಮುರುಗಾಗಿ ಹತ್ತುತ್ತೆ, ಶಾಂತ ಆಗೋ ಬದಲು ರಂಪ ಮಾಡ್ತವೆ ಅಂತಲೂ ಹೇಳಿದರು.

ಹಾಗಾದರೆ ಎಂಬತ್ತರ ದಶಕದಲ್ಲಿ ನನ್ನನ್ನ ಅದುಮಿ ಹಿಡಿದವರು ಕ್ರೂರಿಗಳಾ? ಆಗ ಹಾಗನ್ನಿಸಿತ್ತು. ಈಗ ಇಲ್ಲ. ಮದ್ದು ಕೊಟ್ಟ ಮೇಲೆ ಮಗು ಮಲಗಿದೆಯೋ ಉಸಿರು ಕಟ್ಟುತ್ತಿದೆಯೋ ಅಂತ ಹೇಳುವ ಯಂತ್ರವೇ ಆಗ ನಮ್ಮ ಕಡೆ ಇರಲಿಲ್ಲ. ತುಟಿ ನೀಲಿಯಾಗಿ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಹೇಳುವ ಪಲ್ಸ್ ಆಕ್ಸಿಮೀಟರಿನ ತತ್ವವನ್ನ ಜಪಾನಿನ ತಕುವೋ ಅಯೋಯಾಗಿ ಪ್ರಕಟಿಸಿದ್ದು 1974ರಲ್ಲಿ. ಅದು ಆಪರೇಷನ್ ಥಿಯೇಟರುಗಳಲ್ಲಿ ನೆಲೆಯೂರಿದ್ದು ಎಂಬತ್ತರ ದಶಕದಲ್ಲಿ, ಅದೂ ಮೊದಲು ಶ್ರೀಮಂತ ದೇಶಗಳಲ್ಲಿ. ಅಯೋಯಾಗಿ ತೀರಿಕೊಂಡಿದ್ದು 2020ರ ಏಪ್ರಿಲ್‌ನಲ್ಲಿ. ಕೊರೊನಾದಿಂದಾಗಿ ಅವರ ಯಂತ್ರ ನಮ್ಮ ನ್ಯಾಮತಿಯ ಮೆಡಿಕಲ್ ಶಾಪಿನವರೆಗೂ ಬಂದ ವರ್ಷವೇ.

ಅಮೆರಿಕದಲ್ಲೂ ಪಾಠ ಸುಲಭವಾಗಿ ಬರಲಿಲ್ಲ. ಹಲ್ಲಿನ ಆಸ್ಪತ್ರೆಗಳಲ್ಲಿ ಮಂಪರು ಕೊಟ್ಟ ಮಕ್ಕಳು ಸತ್ತ ಮೇಲೆ, 1985ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘ ನಿಯಮ ಮಾಡಿತು. 2000ದಲ್ಲಿ ಚಾರ್ಲ್ಸ್ ಕೋಟೆ ಮತ್ತು ಜೊತೆಯವರು ಇಂಥ 95 ಅವಘಡಗಳನ್ನ ಕೂಲಂಕಷವಾಗಿ ನೋಡಿದರು. ಅದರಲ್ಲಿ 51 ಮಕ್ಕಳು ಸತ್ತಿದ್ದವು. ಹೆಚ್ಚಿನದು ಉಸಿರಿನ ತೊಂದರೆ. ಹೈದರಾಬಾದಿನವರು "ಉಸಿರು ನೋಡಿ" ಅಂದಿದ್ದು ಇಲ್ಲಿ ಸರಿಯಾಯಿತು ನೋಡಿ! ಕೆಲವು ಮಕ್ಕಳಿಗೆ ಮನೆಯಲ್ಲೇ ಮದ್ದು ಕುಡಿಸಿ ಕರೆತಂದಿದ್ದರು. ಕೆಲವು ಮಕ್ಕಳು ಎಲ್ಲ ಮುಗಿದ ಮೇಲೆ ಮನೆಗೆ ಹೋಗುವ ಕಾರಿನಲ್ಲಿ ಸತ್ತವು.

ಈ ಕಾರಿನ ವಿಷಯ ಓದಿದಾಗ ನನಗೆ ಜಗಳೂರಿನ ಬಸ್ಸು ನೆನಪಾಯಿತು.

ನಮ್ಮ ನಾಲ್ಕು ಊರುಗಳ ಪರಿಸ್ಥಿತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. 1997ರಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆ ಆಯಿತು. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿದ್ದು ಇತ್ತೀಚೆಗೆ. ಹಾಗಾಗಿ ದೊಡ್ಡ ಕಾಯಿಲೆ ಅಂದರೆ ನಮ್ಮವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡ್ತಿದ್ದರು, ಇಲ್ಲವೇ ದಾವಣಗೆರೆಗೆ. ದಾವಣಗೆರೆಯಲ್ಲಿ 1965ರಲ್ಲೇ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾಗಿತ್ತು. ಮಕ್ಕಳಿಗೆ ಮಂಪರು ಕೊಡಬಲ್ಲವರು, ಕೊಟ್ಟ ಮೇಲೆ ಕಾಯಬಲ್ಲವರು ಇರೋದು ಇಂಥ ಕಡೆ. ಅರಿವಳಿಕೆ ತಜ್ಞರ ಕೊರತೆ ದೇಶಕ್ಕೇ ಇದೆ. ಅದಕ್ಕೇ ಸರ್ಕಾರ ಎಂ.ಬಿ.ಬಿ.ಎಸ್. ಡಾಕ್ಟ್ರಿಗೆ ಹದಿನೆಂಟು ವಾರಗಳ ಅರಿವಳಿಕೆ ತರಬೇತಿ ಕೊಡುವ ಯೋಜನೆ ತಂದಿದ್ದು. ಅದು ಮುಖ್ಯವಾಗಿ ಹೆರಿಗೆಯ ತುರ್ತಿಗೆ. ಬಹಳ ತಾಯಂದಿರನ್ನ ಉಳಿಸಿದ ಕೆಲಸ ಅದು. ನಾಲ್ಕು ವರ್ಷದ ಪೋರನ ಹರ್ನಿಯಾಕ್ಕೆ ಅದು ಸಾಲದು.

ಹಾಗಾಗಿ ಬಸ್ಸು. ಬೆಳಗಿನ ಮೊದಲ ಬಸ್ಸು ಹಿಡೀಬೇಕು, ಮಗುವಿಗೆ ಏನೂ ತಿನ್ನಿಸಬಾರದು. ಊಟಕ್ಕೆ, ಹಸುವಿನ ಹಾಲಿಗೆ ಆರು ಗಂಟೆ ಅಂತರ, ಎದೆಹಾಲಿಗೆ ನಾಲ್ಕು, ನೀರಿಗೆ ಎರಡು. ಮಂಪರಿನಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದರೆ ಕತೆ ಮುಗೀತು. ಸುಶ್ರುತನ ಊಟದ ಸಲಹೆಗೆ ಇಂದಿನವರು ಬೆಚ್ಚಿಬೀಳೋದು ಇದಕ್ಕೇ. ನಮ್ಮ ಹುಡುಗ ಬಸ್ಸಿನಲ್ಲಿ ಹಸಿವು ಅಂತ ಅತ್ತಾಗ, ಪಕ್ಕದ ಸೀಟಿನ ಅಜ್ಜಿಯೊಬ್ಬರು "ಅಯ್ಯೋ ಕೂಸಿಗೆ ಒಂದು ಬಿಸ್ಕತ್ತಾದ್ರೂ ಕೊಡವ್ವಾ" ಅಂತ ಪೊಟ್ಟಣ ಬಿಚ್ಚಿಯೇಬಿಟ್ಟರಂತೆ. ತಂಗಿ ಕೈ ಹಿಡಿದು ತಡೆದಳು. ಅಜ್ಜಿಗೆ ಬೇಜಾರಾಯಿತು. ಆ ಅಜ್ಜಿಯ ಪ್ರೀತಿಗೂ ಆ ಬಿಸ್ಕತ್ತಿನ ಅಪಾಯಕ್ಕೂ ಸಂಬಂಧವೇ ಇಲ್ಲ, ಹೇಗೆ ಬಿಡಿಸಿ ಹೇಳೋದು?

ವಾಪಸ್ಸು ಹೋಗುವಾಗ ಇನ್ನೂ ಕಷ್ಟ. ಸಂಜೆ ಡಾಕ್ಟ್ರು ಕಳಿಸಬಹುದು ಅಂದರು. ಆದರೆ ಹುಡುಗನ ಕತ್ತು ಇನ್ನೂ ತೂಗಾಡ್ತಿತ್ತು. ನಾನು ಹಟ ಹಿಡಿದು ಆ ರಾತ್ರಿ ದಾವಣಗೆರೆಯ ನೆಂಟರ ಮನೆಯಲ್ಲಿ ಉಳಿಸಿದೆ. ಎಲ್ಲರೂ ನಕ್ಕರು, ಮಾಮನಿಗೆ ಪುಕ್ಕಲು ಅಂತ. ಇರಲಿ. ನಿದ್ದೆಗಣ್ಣಿನ ಮಗುವಿನ ಗದ್ದ ಎದೆಗೆ ಬಾಗಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ ಅಂತ ಓದಿದ ಮೇಲೆ, ನನಗಂತೂ ಆ ನಗು ಏನೂ ಅನ್ನಿಸಲಿಲ್ಲ.

ಇನ್ನೊಂದು ಮಾತು, ಓದುವ ಅಪ್ಪ ಅಮ್ಮಂದಿರಿಗೆ. ಟ್ರೈಕ್ಲೋಫಾಸ್ ಅಂತ ಒಂದು ಸಿಹಿ ಮಂಪರು ಸಿರಪ್ ನಮ್ಮಲ್ಲಿ ಬಹಳ ಓಡುತ್ತೆ, ಸ್ಕ್ಯಾನಿಂಗಿಗೆ ಮುಂಚೆ ಮಕ್ಕಳಿಗೆ ಕೊಡ್ತಾರೆ. ಪ್ರೊಮೆಥಜೈನ್ ಅಂತ ಇನ್ನೊಂದು, ಎರಡು ವರ್ಷದೊಳಗಿನ ಮಕ್ಕಳಿಗೆ ಉಸಿರು ನಿಲ್ಲಿಸಬಹುದು ಅಂತ 2004ರಲ್ಲಿ ಅಮೆರಿಕದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿದರು. ಹೋದ ಸಲದ್ದು ಬಾಟಲಿಯಲ್ಲಿ ಉಳಿದಿದೆ ಅಂತ ಬಸ್ಸಿನಲ್ಲಿ ಮಗು ಅಳದಿರಲಿ ಅಂತ ಕುಡಿಸೋದನ್ನ ನಾನೇ ಕಂಡಿದ್ದೀನಿ. ದಯವಿಟ್ಟು ಬೇಡ. ಒಮ್ಮೆ ಚಿಕ್ಕ ಅರಿವಳಿಕೆ ಕೊಟ್ಟರೆ ಮಗುವಿನ ಬುದ್ಧಿ ಮಂಕಾಗುತ್ತೆ ಅನ್ನೋ ಭಯವೂ ಬೇಡ. ಒಂದು ಗಂಟೆಯೊಳಗಿನ ಒಂದೇ ಅರಿವಳಿಕೆ ಪಡೆದ ಹಸುಗೂಸುಗಳನ್ನ ಐದು ವರ್ಷದವರೆಗೆ ಹಿಂಬಾಲಿಸಿ ನೋಡಿದ ಅಧ್ಯಯನ 2019ರಲ್ಲಿ ಬಂತು, ವ್ಯತ್ಯಾಸ ಏನೂ ಕಾಣಲಿಲ್ಲ.

ಊರಿಗೆ ಬಂದ ಮೇಲೆ ಅವ್ವನ್ನ ಕೇಳಿದೆ, ನನ್ನ ಕುರು ಕೊಯ್ದಾಗ ನೀನು ಎಲ್ಲಿದ್ದೆ ಅಂತ. "ಬಾಗಿಲ ಹಿಂದೇನೇ ಇದ್ದೆ ಕಣೋ. ನೀನು ಅವ್ವಾ ಅಂತ ಹದಿನೇಳು ಸಲ ಕೂಗಿದೆ" ಅಂದಳು. ಎಣಿಸಿದ್ದಳು.

ಸೋದರಳಿಯ ಈಗ ಆರಾಮಾಗಿದಾನೆ. ಬರುವ ತಿಂಗಳು ಅವನ ತಂಗಿಗೆ ಚನ್ನಗಿರಿಯ ಹಳೇ ಮನೆಯಲ್ಲೇ ಕಿವಿ ಚುಚ್ಚಿಸ್ತಾರೆ. ತೊಡೆ ನನ್ನದೇ. ಬೆಲ್ಲ ಅವ್ವ ಕೊಡ್ತಾಳೆ, ಆಟಿಕೆ ಮಾತ್ರ ನೀನೇ ತರಬೇಕು ಅಣ್ಣಾ ಅಂತ ತಂಗಿ ಫೋನು ಮಾಡಿದಾಳೆ. ಮಗುವಿಗೆ ಏಳು ತಿಂಗಳು. ಗಿಲಕಿ ಸಾಕಾ, ಕೀಲಿ ಕೊಟ್ಟರೆ ರೆಕ್ಕೆ ಬಡಿಯುವ ಹಕ್ಕಿ ಎಲ್ಲಾದರೂ ಸಿಗುತ್ತಾ? ಗೊತ್ತಿದ್ದವರು ಹೇಳಿ.